ಫ್ಲಾರಿಡದ ಬುಗ್ಗೆಗಳಲ್ಲಿ ಮ್ಯಾನಟಿಯ ದರ್ಶನ: ಸಾಕ್ಷ್ಯಗಳ ಒಂದು ಪರಿಶೀಲನೆ

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿರುವ ಫ್ಲಾರಿಡ ಪರ್ಯಾಯದ್ವೀಪದ ಸಿಹಿನೀರಿನ ಬುಗ್ಗೆಗಳಿಗೆ ವರ್ಷವರ್ಷವೂ ಚಳಿಗಾಲದಲ್ಲಿ ಸಹಸ್ರಾರು ಜನ ಹೋಗುತ್ತಾರೆ. ಅವರು ನೋಡಹೋಗುವುದು ಮ್ಯಾನಟಿ ಎಂಬ ಸಸ್ಯಾಹಾರಿಯಾದ ಜಲಸ್ತನಿಯನ್ನು. ನಮ್ಮ ದೇಶದ ಮನ್ನಾರ್ ಖಾರಿಯಲ್ಲಿಯೂ ಪಾಕ್ ಕೊಲ್ಲಿಯಲ್ಲಿಯೂ ಕಂಡುಬರುವ, ಕನ್ನಡದಲ್ಲಿ ಕಡಲ ಹಸುವೆಂದು ಕರೆಯುವ ಡುಗಾಂಗ್ ಇದರ ದಾಯಾದಿ. ಡುಗಾಂಗು ಸಮುದ್ರವನ್ನು ಬಿಟ್ಟು ಒಳನಾಡಿಗೆ ಬಾರದು. ಮ್ಯಾನಟಿಯಾದರೋ ಕಡಲು, ಅಳಿವೆ, ನದಿ, ಬುಗ್ಗೆ ಎಲ್ಲದರಲ್ಲಿಯೂ ಸಂಚರಿಸಬಲ್ಲದು. ಈ ಪ್ರಾಣಿಯನ್ನು ಬುಗ್ಗೆಗಳಲ್ಲಿ ಕಂಡವರು ಯಾರು, ಯಾವ ಋತುವಿನಲ್ಲಿ ಕಂಡರು, ಯಾವ ಕಾರ್ಯಾರ್ಥವಾಗಿ ಹೋಗಿದ್ದರು ಎಂಬುದನ್ನು ವಿಚಾರಿಸದೆ, ಅದರ ಸಂತತಿ ಹೆಚ್ಚಿತೋ ಕುಗ್ಗಿತೋ ಎಂದು ತೀರ್ಮಾನಿಸುವುದು ಸಲ್ಲದೆಂಬುದೇ ಪ್ರಕೃತ ಲೇಖನದಲ್ಲಿ ನಾವು ಪ್ರತಿಪಾದಿಸಲಿರುವ ಅಂಶ.

ಮೊದಲು ಪ್ರಾಣಿಯ ಸ್ವಭಾವವನ್ನು ಕುರಿತು ಒಂದೆರಡು ಮಾತು. ಬೆಳೆದ ಮ್ಯಾನಟಿ ಸುಮಾರು 10 ಅಡಿ ಉದ್ದವಿದ್ದು 1,000 ಪೌಂಡು ತೂಗುವುದುಂಟು. ದೇಹ ಇಷ್ಟು ಸ್ಥೂಲವಾಗಿದ್ದರೂ ಚಳಿಯನ್ನು ತಡೆಯುವ ಕೊಬ್ಬಿನ ಹೊದಿಕೆ ತಿಮಿಂಗಿಲಕ್ಕಿರುವಂತೆ ಅದಕ್ಕಿಲ್ಲ. ತಿಂದ ಆಹಾರದಿಂದ ಶಾಖವನ್ನು ಉತ್ಪಾದಿಸುವ ಶಕ್ತಿಯೂ ಅಲ್ಪ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದು ಹಾಗೆಯೇ ನಿಂತರೆ ಅದು ರೋಗಕ್ಕೆ ಈಡಾಗಿ ಸಾಯುತ್ತದೆ. ಫ್ಲಾರಿಡದ ಸುಣ್ಣಕಲ್ಲಿನ ಪದರಗಳಿಂದ ಉಕ್ಕುವ ಬುಗ್ಗೆಗಳ ನೀರಾದರೋ ವರ್ಷವಿಡೀ ಸುಮಾರು 22 ಡಿಗ್ರಿಯಷ್ಟೇ ಇರುತ್ತದೆ. ಆದಕಾರಣ ಬೇಸಗೆಯಲ್ಲಿ ಎಲ್ಲೆಡೆ ಚದರಿಹೋಗುವ ಈ ಪ್ರಾಣಿಗಳು ಚಳಿಗಾಲದಲ್ಲಿ ಬುಗ್ಗೆಗಳನ್ನು ಆಶ್ರಯಿಸುತ್ತವೆ. ಈ ಸರಳ ಸಂಗತಿಯನ್ನು ಮರೆತಲ್ಲಿ ಹಳೆಯ ಬರಹಗಳ ಅರ್ಥ ಕೆಡುತ್ತದೆ.

ವಿಲಿಯಂ ಬಾರ್ಟ್ರಂನ ಬರಹವೇ ಇದಕ್ಕೆ ನಿದರ್ಶನ. ಈ ಸಸ್ಯವಿಜ್ಞಾನಿ 1774ರ ಬೇಸಗೆಯಲ್ಲಿ ಸುವಾನಿ ನದಿಯ ದಡದ ಬುಗ್ಗೆಯೊಂದಕ್ಕೆ ಹೋಗಿದ್ದನು. ಅದಕ್ಕೆ ಇಂದಿಗೂ ಮ್ಯಾನಟಿ ಬುಗ್ಗೆಯೆಂದೇ ಹೆಸರು. 1791ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅವನು ನೀರಿನ ನೈರ್ಮಲ್ಯವನ್ನೂ ಮೀನುಗಳ ಸಮೃದ್ಧಿಯನ್ನೂ ಮನದಣಿಯೆ ಬಣ್ಣಿಸಿದ್ದಾನೆ. ಆದರೆ ಮ್ಯಾನಟಿಯ ವಿಷಯದಲ್ಲಿ ಅಲ್ಲಿ ಅವನ ಕಣ್ಣಿಗೆ ಬಿದ್ದುದು ದಡದಲ್ಲಿದ್ದ ಅಸ್ಥಿಪಂಜರದ ಒಂದು ಭಾಗ ಮಾತ್ರ. ಪಕ್ಕೆಲುಬು 18 ಅಂಗುಲವಿತ್ತೆಂದೂ ಆ ಎಲುಬಿಗೆ ದಂತಕ್ಕೆ ಸಮನಾದ ಬೆಲೆಯಿತ್ತೆಂದೂ ಬರೆದಿದ್ದಾನೆ. ಮೂಲನಿವಾಸಿಗಳು ಹಿಂದಿನ ಚಳಿಗಾಲದಲ್ಲಿ ಅದನ್ನು ಕೊಂದಿದ್ದರು. ಅದೇ ಚಳಿಗಾಲದಲ್ಲಿ ಅಲ್ಲಿದ್ದ ವ್ಯಾಪಾರಿಯೊಬ್ಬನು ಒಂದೇ ಸಲಕ್ಕೆ ಮೂರು ಮ್ಯಾನಟಿಗಳನ್ನು ಕಂಡಿದ್ದನಂತೆ. ಬಾರ್ಟ್ರಂ ಜೀವಂತ ಪ್ರಾಣಿಯನ್ನು ಅಲ್ಲಿ ಕಾಣದಿದ್ದುದರಿಂದ ಅದು ಆಗಲೇ ವಿರಳವಾಗಿತ್ತೆಂದು ಊಹಿಸುವುದು ತಪ್ಪಾದೀತು. ಅವನು ಹೋದ ಋತು ಬೇರೆಯಾಗಿತ್ತು, ಅಷ್ಟೆ. ಹಾಗೆಂದು ವ್ಯಾಪಾರಿ ಕಂಡ ಮೂರನ್ನೇ ಆಧಾರವಾಗಿ ಹಿಡಿದು ಅಂದು ಅವು ಹೇರಳವಾಗಿದ್ದುವೆನ್ನುವುದಕ್ಕೂ ಬಾರದು. ಈ ಸಾಕ್ಷ್ಯದಿಂದ ನಿಸ್ಸಂದೇಹವಾಗಿ ಸಿದ್ಧವಾಗುವುದು ಇಷ್ಟೇ: ಚಳಿಗಾಲದಲ್ಲಿ ಪ್ರಾಣಿ ಬುಗ್ಗೆಗೆ ಬರುತ್ತದೆಂಬುದನ್ನು ಅಲ್ಲಿನ ಬೇಟೆಗಾರರು ಬಲ್ಲವರಾಗಿದ್ದರು. ವಿದ್ವಾಂಸರ ತಿಳಿವಳಿಕೆ ಬೇಟೆಗಾರರ ತಿಳಿವಳಿಕೆಯ ಬೆನ್ನ ಹಿಂದೆಯೇ ನಡೆದುಬಂದಿರುವುದು ಇಲ್ಲಿ ಮಾತ್ರವೇ ಅಲ್ಲ.

ಮಾಂಸಕ್ಕಾಗಿಯೂ ಚರ್ಮಕ್ಕಾಗಿಯೂ ನಡೆಯುತ್ತಿದ್ದ ವಧೆಯನ್ನು ತಡೆಯಲು ಫ್ಲಾರಿಡ ಸರ್ಕಾರ 1893ರಲ್ಲಿ ಶಾಸನವನ್ನು ಮಾಡಿತು. 1907ರಲ್ಲಿ 500 ಡಾಲರಿನವರೆಗೆ ದಂಡವನ್ನೂ ಆರು ತಿಂಗಳ ಸೆರೆಯನ್ನೂ ವಿಧಿಸಿತು. ಶಾಸನವಿದ್ದುದರಿಂದ ಬೇಟೆ ನಿಂತಿತೆಂದು ಯಾರೂ ಭಾವಿಸಬೇಕಾಗಿಲ್ಲ.

ಮುಂದಿನ ಘಟ್ಟದಲ್ಲಿ ಬುಗ್ಗೆಗೆ ಬಂದವನು ವಿಜ್ಞಾನಿ. 1950ರ ದಶಕದಲ್ಲಿ ಜೋಸೆಫ್ ಕರ್ಟಿಸ್ ಮೂರ್ ಎಂಬಾತ ದಕ್ಷಿಣ ಫ್ಲಾರಿಡದಲ್ಲಿ ಮ್ಯಾನಟಿಗಳನ್ನು ಅಭ್ಯಸಿಸುತ್ತ, ಅವುಗಳ ಬೆನ್ನಿನ ಮೇಲಿನ ಗಾಯದ ಕಲೆಗಳಿಂದ ಒಂದೊಂದನ್ನೂ ಗುರುತಿಸಬಹುದೆಂಬುದನ್ನು ತೋರಿಸಿದನು. ಆ ಗಾಯಗಳಾದರೂ ಯಂತ್ರದೋಣಿಗಳ ತಿರುಗುರೆಕ್ಕೆಗಳು ಮಾಡಿದವು. ಪ್ರಾಣಿಯನ್ನು ಸೀಳಿದ ಗುರುತೇ ಅದರ ಚರಿತ್ರೆಗೆ ಮುಖ್ಯವಾದ ಆಕರವಾಯಿತು! 1960ರ ದಶಕದ ಕೊನೆಗೆ ಕಾರ್ನೆಲ್ ವಿಶ್ವವಿದ್ಯಾನಿಲಯದ ಡೇನಿಯಲ್ ಹಾರ್ಟ್‌ಮನ್ ಎಂಬ ಸಂಶೋಧನ ವಿದ್ಯಾರ್ಥಿ ಕ್ರಿಸ್ಟಲ್ ನದಿಯ ಬುಗ್ಗೆಗಳಲ್ಲಿ ತಾನೇ ನೀರಿಗಿಳಿದು ಅವುಗಳ ನಡವಳಿಕೆಯನ್ನು ಗಮನಿಸಿದನು. 1969ರಲ್ಲಿ ಅವನ ಲೇಖನ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದಿತು. 1972ರಲ್ಲಿ ಫ್ರಾನ್ಸಿನ ಝಾಕ್ ಕುಸ್ತೋ ಮ್ಯಾನಟಿಗಳ ಚಲಚ್ಚಿತ್ರವನ್ನು ದೂರದರ್ಶನಕ್ಕೆ ಕೊಟ್ಟನು. ಇಬ್ಬರೂ ಶೀರ್ಷಿಕೆಯಲ್ಲಿ ಮತ್ಸ್ಯಕನ್ಯೆಯರನ್ನು ಸ್ಮರಿಸಿರುವುದು ಸ್ವಾರಸ್ಯವಾಗಿದೆ. 1493ರಲ್ಲಿ ಕೊಲಂಬಸನು ತಾನು ಕಂಡ ಮೂರು ಮತ್ಸ್ಯಕನ್ಯೆಯರು ಚಿತ್ರದಲ್ಲಿರುವಷ್ಟು ಚೆಲುವೆಯರಲ್ಲವೆಂದು ದಾಖಲಿಸಿದುದೂ ಬಹುಶಃ ಮ್ಯಾನಟಿಗಳನ್ನೇ ಕುರಿತು. ಕುಸ್ತೋವಿನ ಚಿತ್ರ ಬಂದ ವರ್ಷವೇ ಸೇಂಟ್ ಜಾನ್ಸ್ ನದಿಯ ಬದಿಯ ಬ್ಲೂ ಸ್ಪ್ರಿಂಗ್ ಎಂಬ ಬುಗ್ಗೆಯನ್ನು ಫ್ಲಾರಿಡ ಸರ್ಕಾರ ಕೊಂಡು ಉದ್ಯಾನವನ್ನಾಗಿ ಮಾಡಿತು. 1973ರ ಅಪಾಯಗ್ರಸ್ತ ಜೀವಿಗಳ ಶಾಸನ, ಫ್ಲಾರಿಡದ 1978ರ ಮ್ಯಾನಟಿ ಆಶ್ರಯ ಶಾಸನ, 1983ರಲ್ಲಿ ಕ್ರಿಸ್ಟಲ್ ನದಿಯಲ್ಲಿ ಸ್ಥಾಪಿತವಾದ ವನ್ಯಜೀವಿಧಾಮ ಇವು ಒಂದರ ಹಿಂದೊಂದು ಬಂದುವು.

ಇನ್ನು ಸಂಖ್ಯೆಯ ವಿಚಾರ. 1970ರ ಸುಮಾರಿಗೆ ಬ್ಲೂ ಸ್ಪ್ರಿಂಗಿನಲ್ಲಿ ಚಳಿಗಾಲವನ್ನು ಕಳೆಯುತ್ತಿದ್ದ ಮ್ಯಾನಟಿಗಳು ಹದಿನೈದನ್ನು ಮೀರಿರಲಿಲ್ಲ. 2024ರ ಜನವರಿಯಲ್ಲಿ ಒಂದೇ ದಿನ ಅಲ್ಲಿ 932 ಲೆಕ್ಕಕ್ಕೆ ಸಿಕ್ಕವು. ಇದನ್ನು ರಕ್ಷಣಶಾಸನಗಳ ವಿಜಯವೆಂದು ಹೇಳುವುದು ವಾಡಿಕೆ, ಅದರಲ್ಲಿ ನಿಜಾಂಶವೂ ಉಂಟು. 2017ರಲ್ಲಿ ಈ ಪ್ರಾಣಿಯನ್ನು ಕೇಂದ್ರ ಸರ್ಕಾರ ಹೆಚ್ಚಿನ ಅಪಾಯದ ವರ್ಗದಿಂದ ಕಡಮೆ ಅಪಾಯದ ವರ್ಗಕ್ಕೆ ಇಳಿಸಿತು. ಆದರೆ ನಾಲ್ಕೇ ವರ್ಷಗಳ ತರುವಾಯ, 2021ರಲ್ಲಿ, ಫ್ಲಾರಿಡದಲ್ಲಿ 1,100ಕ್ಕೂ ಹೆಚ್ಚು ಮ್ಯಾನಟಿಗಳು ಸತ್ತುವು. ಪೂರ್ವತೀರದ ಇಂಡಿಯನ್ ರಿವರ್ ಹಿನ್ನೀರಿನಲ್ಲಿ ಕೊಳಕು ಸೇರಿ ಪಾಚಿ ಹಬ್ಬಿ ಕಡಲಹುಲ್ಲು ನಾಶವಾಗಿತ್ತು. ವಿದ್ಯುತ್ ಸ್ಥಾವರ ಹೊರಬಿಡುವ ಬಿಸಿನೀರನ್ನು ನೆಚ್ಚಿ ಸೇರಿದ್ದ ಪ್ರಾಣಿಗಳು ಬೆಚ್ಚಗಿದ್ದೂ ಹಸಿವಿನಿಂದ ಸತ್ತುವು. ಮುಂದಿನ ಚಳಿಗಾಲದಲ್ಲಿ ಅಧಿಕಾರಿಗಳು ಅವಕ್ಕೆ ಲೆಟ್ಯೂಸ್ ಸೊಪ್ಪನ್ನು ಹಾಕಬೇಕಾಯಿತು. ಹೀಗಿರಲಾಗಿ, ಒಂದು ಬುಗ್ಗೆಯಲ್ಲಿ ಹೆಚ್ಚಿದ ಸಂಖ್ಯೆ ಸಂತತಿಯ ವೃದ್ಧಿಯನ್ನು ಎಷ್ಟರಮಟ್ಟಿಗೆ ಸೂಚಿಸುತ್ತದೆ, ಬೇರೆಡೆ ಆಸರೆ ತಪ್ಪಿದ ಪ್ರಾಣಿಗಳ ವಲಸೆಯನ್ನು ಎಷ್ಟರಮಟ್ಟಿಗೆ ಸೂಚಿಸುತ್ತದೆ ಎಂಬುದನ್ನು ಬೇರೆಬೇರೆಯಾಗಿ ತೂಗಿನೋಡಬೇಕು. ಈ ಭೇದವನ್ನು ಗಣಿಸದ ಪ್ರವಾಸ ಸಾಹಿತ್ಯವನ್ನು ಚರಿತ್ರೆಯ ವಿದ್ಯಾರ್ಥಿ ಆಧಾರವಾಗಿ ಹಿಡಿಯಲಾಗದು.

ನೋಡಬಂದವರೇ ಪ್ರಾಣಿಗೆ ತೊಡಕಾದುದೂ ಈ ಚರಿತ್ರೆಯ ಭಾಗವೇ. ಕ್ರಿಸ್ಟಲ್ ನದಿಯಲ್ಲಿ ಮ್ಯಾನಟಿಯೊಡನೆ ಈಜುವುದಕ್ಕೆ ಅನುಮತಿಯುಂಟು. ಆ ಊರಿನ ಅನೇಕರ ಜೀವನೋಪಾಯ ಅದನ್ನೇ ಅವಲಂಬಿಸಿದೆ. 2015ರ ಫೆಬ್ರವರಿಯಲ್ಲಿ ಅಲ್ಲಿನ ತ್ರೀ ಸಿಸ್ಟರ್ಸ್ ಬುಗ್ಗೆಗಳಲ್ಲಿ 300ಕ್ಕೂ ಮಿಕ್ಕಿ ಪ್ರಾಣಿಗಳು ಒತ್ತೊತ್ತಾಗಿ ಸೇರಿದಾಗ ಈಜುಗಾರರನ್ನು ತಡೆದು ಬುಗ್ಗೆಯನ್ನು ಕೆಲಕಾಲ ಮುಚ್ಚಬೇಕಾಯಿತು. ಬ್ಲೂ ಸ್ಪ್ರಿಂಗಿನಲ್ಲಾದರೋ ನವೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ನೀರಿಗಿಳಿಯುವುದೇ ನಿಷಿದ್ಧ. ಜನ ದಡದ ಮರದ ಅಟ್ಟಣೆಯ ಮೇಲೆ ನಿಂತು ನೋಡುತ್ತಾರೆ. ಚಳಿಯ ಮುಂಜಾವಿನಲ್ಲಿ ಸಂಶೋಧಕನೊಬ್ಬನು ಚಿಕ್ಕ ದೋಣಿಯಲ್ಲಿ ಮೆಲ್ಲನೆ ಹುಟ್ಟುಹಾಕುತ್ತ ಒಂದೊಂದು ಬೆನ್ನಿನ ಕಲೆಯನ್ನೂ ಗುರುತಿಸಿ ತನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತಾನೆ.