ಹೆಬ್ರಾನ್ ಖಾಲಿಯಾದದ್ದು ಹೇಗೆ? ಲ್ಯಾಬ್ರಡಾರ್ ಕರಾವಳಿಯ ಕಥೆ

ಇವತ್ತು ಕೆನಡಾದ ಪೂರ್ವ ಕರಾವಳಿಗೆ, ಲ್ಯಾಬ್ರಡಾರ್‌ನ ಉತ್ತರ ತುದಿಗೆ ಹೋಗೋಣ. ಅಲ್ಲಿ ಟಾರ್ನ್‌ಗ್ಯಾಟ್ ಅನ್ನೋ ಬೆಟ್ಟಸಾಲಿದೆ. ಇನ್ಯುಟ್ ಜನರ ಭಾಷೆಯಲ್ಲಿ ಆ ಹೆಸರಿಗೆ 'ಆತ್ಮಗಳ ನೆಲೆ' ಅಂತ ಅರ್ಥ. ಈಗ ಅದು ಸುಮಾರು 9,700 ಚದರ ಕಿಲೋಮೀಟರ್‌ನ ರಾಷ್ಟ್ರೀಯ ಉದ್ಯಾನ. ರಸ್ತೆ ಇಲ್ಲ, ಊರಿಲ್ಲ. ಸಣ್ಣ ವಿಮಾನದಲ್ಲಿ ಇಳಿದು, ಅಲ್ಲಿಂದ ದೋಣಿಯಲ್ಲಿ ಹೋಗಬೇಕು.

ಹಿಮಕರಡಿ, ಕ್ಯಾರಿಬೂ ಜಿಂಕೆ, ಸೀಲ್, ತಿಮಿಂಗಿಲ ಎಲ್ಲ ಅಲ್ಲಿವೆ. ಸಾಮಾನ್ಯವಾಗಿ ಕಾಡಿನಲ್ಲಿರುವ ಕಪ್ಪು ಕರಡಿ ಇಲ್ಲಿ ಮರವೇ ಇಲ್ಲದ ಬಯಲಲ್ಲಿ ಬದುಕುತ್ತೆ. ನಾವು ನಡೆಯೋಕೆ ಹೊರಟಾಗಲೆಲ್ಲ ಬಂದೂಕು ಹಿಡಿದ ಇನ್ಯುಟ್ ಕಾವಲುಗಾರರು ಜೊತೆಗಿರುತ್ತಿದ್ದರು. ಇಂಥ ಜಾಗವನ್ನು 'ಮನುಷ್ಯರು ಮುಟ್ಟದ ಪ್ರಕೃತಿ' ಅಂತ ಕರೆಯೋದು ಸುಲಭ. ಆದರೆ ಉದ್ಯಾನದ ದಕ್ಷಿಣಕ್ಕಿರುವ ಹೆಬ್ರಾನ್ ನೋಡಿದ ಮೇಲೆ ಆ ಮಾತು ನನಗೆ ಬಾಯಿಗೆ ಬರಲಿಲ್ಲ. ಅಲ್ಲಿ ಮರದ ಒಂದು ಉದ್ದನೆಯ ಕಟ್ಟಡ ನಿಂತಿದೆ. ಚರ್ಚು, ಪಾದ್ರಿಗಳ ಮನೆ ಎಲ್ಲ ಒಂದೇ ಸೂರಿನಡಿ. ಸುತ್ತ ಒಂದು ಸಂಸಾರವೂ ಇಲ್ಲ.

ಜರ್ಮನಿ ಮೂಲದ ಮೊರೇವಿಯನ್ ಪಂಥದ ಪಾದ್ರಿಗಳು 1771ರಲ್ಲಿ ನೈನ್‌ನಲ್ಲಿ, 1830ರ ಹೊತ್ತಿಗೆ ಹೆಬ್ರಾನ್‌ನಲ್ಲಿ ನೆಲೆಯೂರಿದರು. ಇನ್ಯುಟ್ ಜನ ಮಾತ್ರ ಅದಕ್ಕೂ ಶತಮಾನಗಳ ಮೊದಲಿಂದ ಈ ಕರಾವಳಿಯಲ್ಲಿದ್ದವರು. 1918ರಲ್ಲಿ ಮಿಷನ್‌ನ ಸರಬರಾಜು ಹಡಗಿನ ಜೊತೆಗೇ ಇನ್‌ಫ್ಲುಯೆಂಜಾ ಬಂತು. ಹೆಬ್ರಾನ್, ಓಕಾಕ್ ಊರುಗಳಲ್ಲಿ ಬಹುಪಾಲು ಜನ ಸತ್ತರು. ಆದರೂ ಉಳಿದವರು ಹೆಬ್ರಾನನ್ನು ಬಿಟ್ಟು ಹೋಗಲಿಲ್ಲ.

ರೋಗಕ್ಕೂ ಖಾಲಿಯಾಗದ ಊರು ಒಂದು ಸಭೆಯಿಂದ ಖಾಲಿಯಾಯ್ತು. 1949ರಲ್ಲಿ ನ್ಯೂಫೌಂಡ್‌ಲ್ಯಾಂಡ್ ಕೆನಡಾಕ್ಕೆ ಸೇರಿದ ಮೇಲೆ, ಇಷ್ಟು ದೂರದ ಊರಿಗೆ ಶಾಲೆ, ಆಸ್ಪತ್ರೆ ಕೊಡೋದು ದುಬಾರಿ ಅನ್ನೋ ಲೆಕ್ಕಾಚಾರ ಶುರುವಾಯ್ತು. ಕ್ಷಯರೋಗವಿದೆ, ಸೌದೆ ಸಿಗಲ್ಲ ಅನ್ನೋ ಕಾರಣಗಳೂ ಸೇರಿಕೊಂಡವು. 1959ರಲ್ಲಿ, ಈಸ್ಟರ್ ಮುಗಿದ ಮೇಲೆ, ಜನರನ್ನು ಚರ್ಚಿನೊಳಗೆ ಸೇರಿಸಿ 'ಊರು ಮುಚ್ಚುತ್ತೇವೆ' ಅಂತ ಹೇಳಿದರು. ಜಾಗ ಯಾವುದು ಅನ್ನೋದನ್ನ ಗಮನಿಸಿ. ಚರ್ಚಿನಲ್ಲಿ ಎದುರು ಮಾತಾಡೋದು ಅವರ ಪಾಲಿಗೆ ತಪ್ಪು. ಎಲ್ಲರೂ ಸುಮ್ಮನಿದ್ದರು, ಆ ಮೌನವನ್ನೇ ಒಪ್ಪಿಗೆ ಅಂತ ಬರೆದುಕೊಂಡ ಹಾಗಾಯ್ತು.

50ಕ್ಕೂ ಹೆಚ್ಚು ಕುಟುಂಬಗಳು ನೈನ್, ಹೋಪ್‌ಡೇಲ್, ಮಕೋವಿಕ್‌ಗೆ ಚದುರಿಹೋದವು. ಎಷ್ಟೋ ಜನಕ್ಕೆ ಹೇಳಿದ್ದ ಮನೆ ಸಿದ್ಧವಿರಲಿಲ್ಲ. ಬಂಧುಗಳು ಬೇರೆ ಬೇರೆ ಊರಿನ ಪಾಲಾದರು. ಬೇಟೆಗೆ, ಮೀನಿಗೆ ಒಳ್ಳೆಯ ಜಾಗಗಳೆಲ್ಲ ಆಗಲೇ ಅಲ್ಲಿನವರ ಕೈಯಲ್ಲಿದ್ದವು. ಹೆಬ್ರಾನ್ ಸುತ್ತ ಸೀಲ್ ಯಾವಾಗ ಬರುತ್ತೆ, ಮಂಜುಗಡ್ಡೆ ಎಲ್ಲಿ ತೆಳುವಾಗುತ್ತೆ ಅಂತ ಬಲ್ಲವರು ಹೊಸ ಊರಲ್ಲಿ ಏನೂ ತಿಳಿಯದವರಾದರು.

2005ರಲ್ಲಿ ಪ್ರಾಂತ್ಯದ ಪ್ರಧಾನಿ ಡ್ಯಾನಿ ವಿಲಿಯಮ್ಸ್ ಕ್ಷಮೆ ಕೇಳಿದರು. ಅದೇ ವರ್ಷದ ಭೂ ಒಪ್ಪಂದದಿಂದ ಇನ್ಯುಟರ ಸ್ವಯಮಾಡಳಿತ ಪ್ರದೇಶ ನುನಾಟ್ಸಿಯಾವುಟ್ ಹುಟ್ಟಿತು, ಉದ್ಯಾನಕ್ಕೂ ದಾರಿಯಾಯ್ತು. ಇವತ್ತು ಉದ್ಯಾನದ ಸಹ-ಆಡಳಿತ ಮಂಡಳಿಯಲ್ಲಿರುವವರೆಲ್ಲ ಇನ್ಯುಟರೇ, ಅಲ್ಲಿ ಬೇಟೆಯಾಡುವ ಹಕ್ಕೂ ಅವರಿಗಿದೆ. 2009ರಲ್ಲಿ ಹೆಬ್ರಾನ್‌ನಲ್ಲೊಂದು ಸ್ಮಾರಕ ನಿಂತಿತು. ಸರ್ಕಾರದ ಕ್ಷಮಾಪಣೆಯ ಜೊತೆ, ಕ್ಷಮಿಸಿದ್ದೇವೆ ಅನ್ನೋ ಅವರ ಉತ್ತರವೂ ಅಲ್ಲಿದೆ. ಆದರೆ ಊರು ಮತ್ತೆ ಊರಾಗಲಿಲ್ಲ.

ಹಾಗಾಗಿ ಸ್ನೇಹಿತರೇ, ಮುಂದೆ ಯಾರಾದರೂ 'ಜನರೇ ಇಲ್ಲದ ಅಪ್ಪಟ ಪ್ರಕೃತಿ' ಅಂತ ತೋರಿಸಿದರೆ, ಖಂಡಿತ ನೋಡಿ. ಜೊತೆಗೆ ಜನ ಯಾವಾಗ ಹೋದರು, ಯಾರು ಕಳಿಸಿದರು ಅಂತಲೂ ಒಮ್ಮೆ ಕೇಳಿ.