ಆಕೃತಿಗಳ ಹೆಸರು, ಓರೆ-ವಾಟದ ಪದ: ಬಳ್ಳಾರಿ ಸೀಮೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯಲ್ಲಿ ರೇಖಾಗಣಿತದ ಮಾತು ಎರಡು ಕಡೆಯಿಂದ ಬಂದಿದೆ. ಆಕೃತಿಗಳ ಹೆಸರು ಬಹುಪಾಲು ಸಂಸ್ಕೃತ ಗಣಿತಗ್ರಂಥಗಳಿಂದ ಶಾಲೆಗೆ ಇಳಿದವು. ವಾಲಿದ್ದು, ಬಾಗಿದ್ದು, ಜಾರಿದ್ದನ್ನು ಹೇಳುವ ಪದಗಳು ಗೌಂಡಿ, ಬಡಗಿ, ರೈತರ ಬಾಯಲ್ಲೇ ಬೆಳೆದವು.

ಮೊದಲ ಧಾರೆಯ ದೊಡ್ಡ ಹೆಸರು ಮಹಾವೀರಾಚಾರ್ಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಈತ ರಚಿಸಿದ ‘ಗಣಿತಸಾರಸಂಗ್ರಹ’ ತ್ರಿಭುಜದಲ್ಲಿ 3, ಚತುರ್ಭುಜದಲ್ಲಿ 5, ವೃತ್ತದಲ್ಲಿ 8 ಬಗೆಗಳನ್ನು ಎಣಿಸುತ್ತದೆ. ಅಂಡಾಕಾರಕ್ಕೆ ಅವನಿಟ್ಟ ಹೆಸರು ಆಯತವೃತ್ತ; ಶಂಖದಂತಿದ್ದರೆ ಕಂಬುಕವೃತ್ತ. ಜವೆಯ ಕಾಳು, ಮುರಜವೆಂಬ ಮದ್ದಳೆ, ವಜ್ರಾಯುಧ ಇವೂ ಅವನ ಕೈಯಲ್ಲಿ ಆಕೃತಿಗಳಾದವು. ಕಣ್ಣಿಗೆ ಕಟ್ಟುವಂತೆ ಹೆಸರಿಡುವುದರಲ್ಲಿ ಅವನನ್ನು ಮೀರಿಸಿದವರು ವಿರಳ. 12ನೇ ಶತಮಾನದ ರಾಜಾದಿತ್ಯ ‘ಕ್ಷೇತ್ರಗಣಿತ’, ‘ವ್ಯವಹಾರಗಣಿತ’ಗಳ ಮೂಲಕ ಈ ವಿದ್ಯೆಯನ್ನು ಕನ್ನಡಕ್ಕೇ ತಂದ. ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಹೊರತಂದರು. ಆಗ ಬಳ್ಳಾರಿಯೂ ಮದರಾಸು ಪ್ರಾಂತ್ಯದಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಎರಡನೆಯ ಧಾರೆಗೆ ಗ್ರಂಥವಿಲ್ಲ, ಆದರೆ ಅದರ ನಿಖರತೆ ಕಡಿಮೆಯದಲ್ಲ. ನೆಟ್ಟಗೆ ನಿಲ್ಲಬೇಕಾದದ್ದು ಒಂದು ಕಡೆಗೆ ಬಾಗಿದರೆ ‘ವಾಲಿದೆ’ ಎನ್ನುತ್ತಾರೆ. ಗೋಡೆ ವಾಲಿದ್ದನ್ನು ತೂಗುಗುಂಡು ತೋರಿಸಿಕೊಡುತ್ತದೆ: ದಾರಕ್ಕೂ ಇಟ್ಟಿಗೆಗೂ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು. ‘ಸೊಟ್ಟ’ ಎಂದರೆ ಕೆಲಸದ ದೋಷ. ‘ಓರೆ’ಯಲ್ಲಿ ದೋಷದ ಸೂಚನೆ ಇರಲೇಬೇಕೆಂದಿಲ್ಲ, ಬಾಗಿಲನ್ನು ಪೂರ್ತಿ ಮುಚ್ಚದೆ ಓರೆ ಮಾಡುವುದೂ ಉಂಟು. ‘ವಾಟ’ವಂತೂ ಬೇಕೆಂದೇ ಕೊಡುವ ಇಳುಕಲು. ಮಣ್ಣಿನ ಮಾಳಿಗೆ ಕಣ್ಣಿಗೆ ಸಪಾಟಾಗಿ ಕಂಡರೂ ಮಳೆನೀರು ನಿಲ್ಲದಂತೆ ಅದಕ್ಕೆ ವಾಟವಿರಬೇಕು. ಬಚ್ಚಲಿಗೂ ಅಷ್ಟೇ. ಈ ಪದ ತೆಲುಗಿನಲ್ಲೂ ಇರುವುದರಿಂದ ಎರಡೂ ಭಾಷೆ ಆಡುವ ಬಳ್ಳಾರಿಯಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಿರುಗುಪ್ಪದಲ್ಲಿ ವಿಜಯನಗರ ಕಾಲದ ಕಾಲುವೆಯೂ ಆಮೇಲೆ ಬಂದ ತುಂಗಭದ್ರಾ ಕಾಲುವೆಯೂ ನೀರು ಹರಿಸುವುದು ಇಳಿಜಾರಿನ ಲೆಕ್ಕದ ಮೇಲೆಯೇ. ಭತ್ತದ ಗದ್ದೆ ಮಾತ್ರ ಮಟ್ಟವಾಗಿರಬೇಕು.

ಮೂಲೆ ಕೂಡಿಸುವಾಗ ಮೂಲೆಮಟ್ಟ ಸಾಲದಿದ್ದರೆ ಒಂದು ಬದಿಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ, ಎರಡರ ನಡುವೆ 5 ಅಡಿ ಬರುತ್ತದೆಯೇ ಎಂದು ದಾರ ಹಿಡಿದು ನೋಡುತ್ತಾರೆ. ಪುಸ್ತಕದಲ್ಲಿ ಆ 5 ಅಡಿಯೇ ಲಂಬಕೋನ ತ್ರಿಭುಜದ ವಿಕರ್ಣ.

ಎರಡು ಧಾರೆಗಳು ಬೆರೆತ ಸ್ಪಷ್ಟ ಉದಾಹರಣೆ ಶಾಲೆಯ ಗಣಿತಪುಸ್ತಕದ ಶಂಕುವಿನ ಪಾಠದಲ್ಲಿದೆ. ಶಂಕು ಸಂಸ್ಕೃತದ್ದು, ಅದರ ಇಳಿಬದಿಯ ಅಳತೆಗೆ ಮಾತ್ರ ‘ಓರೆ ಎತ್ತರ’ ಎಂಬ ಹೆಸರು. ಮಕ್ಕಳಿಗೆ ತಟ್ಟನೆ ಹೊಳೆಯುವುದೂ ಅದೇ. ಪಠ್ಯ ಬರೆಯುವವರು ವಾಟ, ಮೂಲೆಮಟ್ಟ, ತೂಗುಗುಂಡುಗಳನ್ನೂ ಹೀಗೆಯೇ ಪುಸ್ತಕದೊಳಕ್ಕೆ ತರಬೇಕು.