ಹಾಕೋದು ಸುಲಭ, ತೆಗೆಯೋದು?

2018ರ ಅಕ್ಟೋಬರ್. ಬೆಂಗಳೂರಿನ ಕೆಂಪ್‌ಫೋರ್ಟ್ ಮಾಲ್‌ಗೆ ಎಟಿಎಂ ಥರದ ಒಂದು ಮಷೀನು ಬಂತು. ಯುನೊಕಾಯಿನ್ ಕಂಪನಿಯದ್ದು. ಕ್ಯಾಷ್ ಹಾಕಿ ಬಿಟ್‌ಕಾಯಿನ್ ಕೊಳ್ಳಿ, ಮಾರಿ ಕ್ಯಾಷ್ ತಗೊಳ್ಳಿ! ಬ್ಯಾಂಕ್ ಇರುವಾಗ ಇದ್ಯಾಕೆ? ಅಲ್ಲೇ ಇರೋದು ನೋಡಿ ಕಥೆ. ಆ ವರ್ಷ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಬೇಡಿ ಅಂತ ಬ್ಯಾಂಕುಗಳಿಗೆ ಹೇಳಿತ್ತು. ಕೆಲವೇ ದಿನಗಳಲ್ಲಿ ಪೊಲೀಸರು ಮಷೀನನ್ನು ವಶಕ್ಕೆ ಪಡೆದರು, ಸಹ ಸಂಸ್ಥಾಪಕರನ್ನು ಬಂಧಿಸಿದರು. ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿದ್ದು 2020ರ ಮಾರ್ಚ್ 4ಕ್ಕೆ.

ಬ್ಯಾಂಕ್ ಬಾಗಿಲು ತೆರೆದ ಮೇಲೆ ಎಲ್ಲ ಸರಿಹೋಯ್ತಾ? 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾಯಿತು. ಕಂಪನಿ ವಿತ್‌ಡ್ರಾ ನಿಲ್ಲಿಸಿತು. ಆಪ್‌ನಲ್ಲಿ ಬ್ಯಾಲೆನ್ಸ್ ಕಾಣುತ್ತೆ, ಕೈಗೆ ಬರಲ್ಲ! ತಮ್ಮ ಕ್ರಿಪ್ಟೋಗಾಗಿ ಗ್ರಾಹಕರು ವರ್ಷಕ್ಕೂ ಹೆಚ್ಚು ಕಾದರು. ಬ್ಯಾಂಕ್ ಠೇವಣಿಗಿರುವ 5 ಲಕ್ಷದವರೆಗಿನ ವಿಮೆ ಇದಕ್ಕಿಲ್ಲ.

ನಾನೂ ಎಂಜಿನಿಯರಿಂಗ್ ಓದಿದವನೇ, ತಂತ್ರಜ್ಞಾನದ ಮೇಲೆ ನನಗೆ ತಕರಾರಿಲ್ಲ. ಆದರೆ ಅರಕಲಗೂಡಿನ ಶುಂಠಿ ದುಡ್ಡಿರಲಿ, ಹೊಳೆನರಸೀಪುರದ ಹುಡುಗನ ಮೊದಲ ಸಂಬಳವಿರಲಿ, ಹಾಕೋ ಮೊದಲು ಆ ಎಕ್ಸ್‌ಚೇಂಜ್ ಕೇಂದ್ರ ಹಣಕಾಸು ಸಚಿವಾಲಯದ ಎಫ್‌ಐಯುನಲ್ಲಿ ನೋಂದಣಿ ಆಗಿದೆಯಾ ನೋಡಿ. ಚಿಕ್ಕ ಮೊತ್ತ ಹಾಕಿ, ಅದನ್ನೇ ಹಾಸನದ ನಿಮ್ಮ ಬ್ಯಾಂಕ್ ಖಾತೆಗೆ ವಾಪಸ್ ತೆಗೆಯಿರಿ. ಅದು ಬಂದ ಮೇಲೆ ಮುಂದಿನ ಮಾತು. ಕಾಯಿನ್ ಕಳಿಸುವಾಗ ವಿಳಾಸ, ನೆಟ್‌ವರ್ಕ್ ಎರಡನ್ನೂ ತಾಳೆ ನೋಡಿ. ತಪ್ಪಿದರೆ ಚನ್ನರಾಯಪಟ್ಟಣದ ಶಾಖೆಗೆ ಹೋಗಿ ಮ್ಯಾನೇಜರ್ ಹತ್ತಿರ ಜಗಳ ಆಡೋ ಹಾಗೂ ಇಲ್ಲ.